ಅಜ್ಜನ ಟ್ರಂಕಿನಲ್ಲಿ ಬ್ರಿಟಾನಿಕಾದ 27 ಸಂಪುಟ ಸಿಕ್ಕಿವೆ, ಏನು ಮಾಡಲಿ?

ಮೂಡಿಗೆರೆ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮೂಡಿಗೆರೆ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಅಜ್ಜ ಹೋಗಿ ಬಹಳ ವರ್ಷ ಆಯಿತು. ಈಗ ಅಲ್ಲಿ ಯಾರೂ ಇಲ್ಲ, ಮಾಡು ಸೋರುತ್ತಿದೆ. ಮಳೆಗಾಲ ಹಿಡಿಯುವುದರೊಳಗೆ ಹೆಂಚು ಇಳಿಸಿಬಿಡೋಣ ಅಂತ ಮಾವ ಹೇಳಿದರು. ಹಾಗಾಗಿ ಹೋದ ಭಾನುವಾರ ನಾನು, ತಮ್ಮ, ಮಾವ ಸೇರಿ ಅಟ್ಟ ಖಾಲಿ ಮಾಡಲು ಹೋದೆವು. ಒಡೆದ ಭರಣಿ, ಅಡಿಕೆ ಹಾಳೆ, ಕಾಫಿ ಚೀಲ, ಎರಡು ಲಾಟೀನು. ಇವೆಲ್ಲದರ ಹಿಂದೆ ಒಂದು ದೊಡ್ಡ ತಗಡಿನ ಟ್ರಂಕು.

ಟ್ರಂಕು ಅಟ್ಟದ ಬಾಗಿಲು ದಾಟಲೇ ಇಲ್ಲ. ಉದ್ದಕ್ಕೆ ಹಿಡಿದೆವು, ಅಡ್ಡಕ್ಕೆ ಹಿಡಿದೆವು, ಓರೆ ಮಾಡಿ ನೋಡಿದೆವು. ಊಹೂಂ. ಒಳಗೆ ಹೇಗೆ ಹೋಯಿತೋ ದೇವರಿಗೇ ಗೊತ್ತು. ಕೊನೆಗೆ ಅಲ್ಲೇ ಬೀಗ ಒಡೆದು, ಒಳಗಿದ್ದದ್ದನ್ನು ಒಂದೊಂದಾಗಿ ಏಣಿ ಮೇಲೆ ನಿಂತ ತಮ್ಮನ ಕೈಗೆ ದಾಟಿಸಿದೆ.

ಒಂದು ಉಣ್ಣೆ ಕೋಟು, ಹಳೇ ಲೆಕ್ಕದ ಪುಸ್ತಕಗಳು, ಅವುಗಳ ಕೆಳಗೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಅನ್ನುವ ಇಂಗ್ಲಿಷ್ ವಿಶ್ವಕೋಶ. ಹನ್ನೊಂದನೇ ಆವೃತ್ತಿ, ಕೇಂಬ್ರಿಜ್, 1910 ಮತ್ತು 1911 ಅಂತಿದೆ. ಎಣಿಸಿದೆ, 27 ಇವೆ. ಬೆನ್ನಿನ ಮೇಲಿನ ನಂಬರ್ ನೋಡಿದರೆ 19 ಮತ್ತು 29 ಇಲ್ಲ. ಹೆಸರುಗಳು ತಮಾಷೆಯಾಗಿವೆ, ಒಳಗಿನ ಮೊದಲ ಲೇಖನ, ಕೊನೆಯ ಲೇಖನ ಸೇರಿಸಿ ಇಟ್ಟದ್ದು. ಒಂದರ ಮೇಲೆ 'ಮೆಡಲ್‌ನಿಂದ ಮಂಪ್ಸ್' ಅಂತ, ಇನ್ನೊಂದರ ಮೇಲೆ 'ಸಬ್‌ಮರೀನ್ ಮೈನ್ಸ್‌ನಿಂದ ಟಾಮ್‌ಟಾಮ್'. ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಆದರೂ ಹಿಂದಿನ ಪುಟದ ಅಕ್ಷರ ಮುಂದೆ ಕಾಣುವುದಿಲ್ಲ.

ಅಜ್ಜ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಬರೆಯುವುದು, ಬಟವಾಡೆ ಮಾಡುವುದು, ಮಳೆ ಎಷ್ಟು ಇಂಚು ಬಂತು ಅಂತ ಗುರುತು ಹಾಕುವುದು. ಸ್ವಾತಂತ್ರ್ಯ ಬಂದ ಮರುವರ್ಷ ಎಸ್ಟೇಟಿನ ಬಿಳಿಯ ದೊರೆ ತಮ್ಮ ಊರಿಗೆ ಹೊರಟಾಗ ಟ್ರಂಕು ಸಮೇತ ಅಜ್ಜನಿಗೆ ಕೊಟ್ಟು ಹೋದರಂತೆ. ಅಮ್ಮ ಹೇಳುವುದು ಬೇರೆ: ಕೊಡಬೇಕಾಗಿದ್ದ ಎರಡು ತಿಂಗಳ ಸಂಬಳಕ್ಕೆ ಬದಲಾಗಿ ಕೊಟ್ಟದ್ದು, ಧರ್ಮಕ್ಕಲ್ಲ ಅಂತ.

ಅಜ್ಜ ಇದನ್ನು ಓದಿದ್ದಾರೆ. ಅಲ್ಲಲ್ಲಿ ಪೆನ್ಸಿಲ್ ಗುರುತಿದೆ. ಮಲೇರಿಯಾ ಲೇಖನದ ಅಂಚಿನಲ್ಲಿ ಸಣ್ಣ ಕನ್ನಡ ಅಕ್ಷರದಲ್ಲಿ 'ಜುಲೈ 49. ಲೈನಿನಲ್ಲಿ 11 ಜನ. ಕ್ವಿನೈನು ಮುಗಿಯಿತು' ಅಂತ ಬರೆದಿದ್ದಾರೆ. ಲೈನು ಅಂದರೆ ಕೂಲಿಯವರ ಸಾಲುಮನೆ. ಡಯಾಬಿಟಿಸ್ ಲೇಖನದ ಪಕ್ಕದಲ್ಲಿ 'ಇದು ಹಳೇದು. ಡಾಕ್ಟರು ಹೇಳಿದ್ದೇ ಬೇರೆ' ಅಂತಿದೆ. ಅಜ್ಜಿಗೆ ಸಕ್ಕರೆ ಕಾಯಿಲೆ ಇತ್ತು.

ಇಷ್ಟು ಪೀಠಿಕೆ. ಈಗ ಪ್ರಶ್ನೆ. ಬೆಂಗಳೂರಿನ ಒಂದು ಹಳೇ ಪುಸ್ತಕದ ಅಂಗಡಿಗೆ ಫೋಟೋ ಕಳಿಸಿದೆ. ತೂಕದ ಲೆಕ್ಕದಲ್ಲಿ ತಗೋತೀವಿ ಅಂದರು. ಇದಕ್ಕೆ ನಿಜಕ್ಕೂ ಬೆಲೆ ಇಲ್ಲವಾ? ಎರಡನೇದು, ಮಗಳು ಏಳನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ಅಂತ ಕೊನೆಯ ಸಂಪುಟದಲ್ಲಿ ವಿಟಮಿನ್ ಹುಡುಕಿದಳು. ಸಿಗಲಿಲ್ಲ. ಇಷ್ಟು ದೊಡ್ಡ ಪುಸ್ತಕದಲ್ಲಿ ವಿಟಮಿನ್ ಇಲ್ಲ ಅಂದರೆ ಹೇಗೆ? ಪುಟ ಹರಿದಿರಬಹುದಾ? ಮೂರನೇದು, ನಮ್ಮದು ಎರಡು ಕೋಣೆಯ ಫ್ಲಾಟು. ಇಟ್ಟುಕೊಂಡರೆ ಎಲ್ಲಿಡಲಿ?

ಗುಂಡಣ್ಣ ಜಯನಗರ:

ಅಕ್ಕ, ನೇರವಾಗಿ ಹೇಳ್ತೀನಿ, ಬೈಕೋಬೇಡಿ. ಈ ಆವೃತ್ತಿ ಪೂರ್ತಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲ ಆಯಿತು. ವಿಕಿಪೀಡಿಯ ಶುರುವಾದ ಹೊಸದರಲ್ಲಿ ಇಂಗ್ಲಿಷಿನ ಸಾವಿರಾರು ಲೇಖನಗಳನ್ನು ಇದರಿಂದಲೇ ಎತ್ತಿ ಹಾಕಿದ್ದಾರೆ. ನೀವು ಮೊಬೈಲಿನಲ್ಲಿ ಓದುವುದರಲ್ಲಿ ಇದರ ತುಂಡು ಈಗಲೂ ಇದೆ.

ಅಜ್ಜ ಬರೆದಿರುವ ಪುಟಗಳ ಫೋಟೋ ತೆಗೆದುಕೊಳ್ಳಿ. ಮಿಕ್ಕದ್ದು ರದ್ದಿಗೆ. ಎರಡು ಕೋಣೆಯ ಮನೆಯಲ್ಲಿ 27 ಪುಸ್ತಕ ಅಂದರೆ ಜಿರಳೆಗೆ ಬಾಡಿಗೆ ಇಲ್ಲದ ಮನೆ ಕೊಟ್ಟ ಹಾಗೆ.

ಹಳೇ ಲೈಬ್ರರಿಯನ್:

ಮೊಮ್ಮಗಳೇ, ಗುಂಡಣ್ಣನ ಮಾತು ಕೇಳಿ ಇವತ್ತೇ ರದ್ದಿಯವನಿಗೆ ಫೋನ್ ಮಾಡಬೇಡಿ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎರಡು ದಿನ ತಡೆಯಿರಿ.

ನಾನು ಮೂವತ್ತು ವರ್ಷ ಒಂದು ಕಾಲೇಜಿನಲ್ಲಿ ರೆಫರೆನ್ಸ್ ವಿಭಾಗ ನೋಡಿಕೊಂಡವನು. ಇದೇ ಆವೃತ್ತಿಯ ಒಂದು ಸೆಟ್ಟು ನನ್ನ ಕುರ್ಚಿಯ ಹಿಂದಿನ ಬೀರುವಿನಲ್ಲಿತ್ತು. ಮಧ್ಯಾಹ್ನ ಊಟದ ಮೇಲೆ ಹುಡುಗರು ಬರುವುದು ಕಡಿಮೆ. ಆಗ ಕೈಗೆ ಸಿಕ್ಕ ಸಂಪುಟ ತೆಗೆದು, ಬಿಚ್ಚಿದ ಪುಟ ಓದುತ್ತಿದ್ದೆ. ನಿದ್ದೆ ಬರಬಾರದು ಅಂತ ಶುರು ಮಾಡಿದ್ದು, ಆಮೇಲೆ ಅದೇ ಚಟವಾಯಿತು.

ಮಗಳಿಗೆ ಹೇಳಿ, ಪುಟ ಹರಿದಿಲ್ಲ. ಆ ಪದವೇ ಹುಟ್ಟಿರಲಿಲ್ಲ. ಕಾಸಿಮಿರ್ ಫಂಕ್ ಎಂಬ ವಿಜ್ಞಾನಿ 'ವಿಟಮೈನ್' ಅಂತ ಹೆಸರಿಟ್ಟದ್ದು 1912ರಲ್ಲಿ. ನಿಮ್ಮ ಪುಸ್ತಕ ಒಂದು ವರ್ಷ ಮುಂಚೆ ಅಚ್ಚಾಗಿದೆ. ಟೈಟಾನಿಕ್ ಹಡಗೂ ಅದರಲ್ಲಿ ಮುಳುಗಿಲ್ಲ. ದಕ್ಷಿಣ ಧ್ರುವಕ್ಕೆ ಇನ್ನೂ ಯಾರೂ ಹೋಗಿಲ್ಲ, ಅಮುಂಡ್ಸನ್ ಅಲ್ಲಿಗೆ ಮುಟ್ಟಿದ್ದು 1911ರ ಡಿಸೆಂಬರ್ 14ಕ್ಕೆ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ಅಂದರೆ ನಿಮ್ಮ ಅಜ್ಜ ಅಂಚಿನಲ್ಲಿ ಬರೆದದ್ದೇ ಸರಿ, ಪುಸ್ತಕ ತಪ್ಪು. ದೊರೆ ಕೊಟ್ಟ ಪುಸ್ತಕ ಅಂತ ತಲೆ ಬಾಗಿಸದೆ 'ಇದು ಹಳೇದು' ಅಂತ ಬರೆದಿದ್ದಾರಲ್ಲ, ಅಂಥ ಓದುಗರು ನನ್ನ ರೆಫರೆನ್ಸ್ ವಿಭಾಗಕ್ಕೆ ವರ್ಷಕ್ಕೆ ಒಬ್ಬರು ಬಂದಿದ್ದರೂ ಸಾಕಿತ್ತು.

ಈ ಆವೃತ್ತಿಯ ಹುಟ್ಟಿನ ಕಥೆಯೇ ವ್ಯಾಪಾರದ್ದು. ಹೊರೇಸ್ ಎವರೆಟ್ ಹೂಪರ್ ಅಂತ ಒಬ್ಬ ಅಮೆರಿಕನ್ ಪುಸ್ತಕ ವ್ಯಾಪಾರಿ. ಹಳೆಯ ಒಂಬತ್ತನೇ ಆವೃತ್ತಿಯನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಹೆಸರಿನಲ್ಲಿ 1898ರಿಂದ ಕಂತಿನ ಮೇಲೆ ಮಾರಿದವನು ಅವನೇ. ಇವತ್ತು ಫ್ರಿಜ್ಜು, ವಾಷಿಂಗ್ ಮೆಷೀನು ಕೊಳ್ಳುತ್ತೇವಲ್ಲ, ಹಾಗೆ. ಮೊದಲು ಸ್ವಲ್ಪ ಕಟ್ಟು, ಮಿಕ್ಕದ್ದು ತಿಂಗಳು ತಿಂಗಳು. ಪುಸ್ತಕ ಇಡಲು ಮರದ ಕಪಾಟನ್ನೂ ಮಾರುತ್ತಿದ್ದರು. ಅದರಲ್ಲಿ ಬಂದ ದುಡ್ಡು ನೋಡಿ ಹೊಸದನ್ನೇ ಬರೆಸಲು ಹೊರಟ. ಸಂಪಾದಕ ಹ್ಯೂ ಚಿಶೋಮ್. ಬರೆದವರು ಸುಮಾರು 1,500 ಜನ. ಲೇಖನ ಸುಮಾರು 40,000.

ಇದಕ್ಕೆ ಮುಂಚೆ ವಿಶ್ವಕೋಶ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು. ಒಂಬತ್ತನೇ ಆವೃತ್ತಿ 1875ಕ್ಕೆ ಶುರುವಾಗಿ 1889ಕ್ಕೆ ಮುಗಿಯಿತು. ಕೊನೆಯ ಸಂಪುಟ ಬರುವಾಗ ಮೊದಲನೇದು ಹಳಸಿರುತ್ತಿತ್ತು. ಹನ್ನೊಂದನೇದರಲ್ಲಿ ಹಾಗೆ ಮಾಡಲಿಲ್ಲ. ಎಲ್ಲವನ್ನೂ ಬರೆಸಿ ಮುಗಿಸಿ, ಆಮೇಲೆ ಅಚ್ಚಿಗೆ ಕೊಟ್ಟರು. ಒಂದು ವರ್ಷ ಹೆಚ್ಚು ಕಡಿಮೆಯಲ್ಲಿ 29 ಸಂಪುಟವೂ ಹೊರಗೆ ಬಂತು. ಹಾಗಾಗಿ ನಿಮ್ಮ ಟ್ರಂಕಿನಲ್ಲಿರುವುದು 1910ರ ಸುಮಾರಿನ ಜಗತ್ತು ಒಂದೇ ಕ್ಷಣದಲ್ಲಿ ಹೇಗೆ ಕಾಣುತ್ತಿತ್ತೋ ಅದು. ಗ್ರೂಪ್ ಫೋಟೋ ಇದ್ದ ಹಾಗೆ. ಎಲ್ಲರೂ ಒಂದೇ ಸಲ ಕ್ಯಾಮೆರಾ ನೋಡಿದ್ದಾರೆ.

ಆ ಫೋಟೋದಲ್ಲಿ ನಿಂತವರನ್ನು ನೋಡಿ. ಪುಸ್ತಕ ಅರ್ಪಣೆ ಆಗಿರುವುದು ಇಬ್ಬರಿಗೆ: ಇಂಗ್ಲೆಂಡಿನ ದೊರೆ ಐದನೇ ಜಾರ್ಜ್, ಅಮೆರಿಕದ ಅಧ್ಯಕ್ಷ ಟಾಫ್ಟ್. ಕೊಳ್ಳುವವರು ಎರಡೂ ಕಡೆ ಇದ್ದರಲ್ಲ! ಚೀನಾದಲ್ಲಿ ಚಿಂಗ್ ಚಕ್ರವರ್ತಿ ಇದ್ದಾನೆ, ರಷ್ಯದಲ್ಲಿ ಜಾರ್ ಇದ್ದಾನೆ, ಆಸ್ಟ್ರಿಯಾ-ಹಂಗೇರಿ ಗಟ್ಟಿಯಾಗಿ ಕೂತಿದೆ, ಆಟೋಮನ್ ಸುಲ್ತಾನನೂ ಇದ್ದಾನೆ. 1922 ಮುಗಿಯುವುದರೊಳಗೆ ನಾಲ್ಕೂ ಇಲ್ಲ. ಪುಸ್ತಕಕ್ಕೆ ಅದರ ಸುಳಿವೇ ಇಲ್ಲ. ಆ ನೆಮ್ಮದಿಯ ದನಿ ಇದೆಯಲ್ಲ, ಅದನ್ನು ಕೇಳಬೇಕು ಅಂತಲೇ ನಾನು ಓದುತ್ತಿದ್ದದ್ದು. ಹಬ್ಬದ ಊಟ ಮಾಡಿ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತವರ ದನಿ ಅದು.

ಹಾಗಂತ ಬರೆದವರು ದಡ್ಡರಲ್ಲ. ಸರ್ಕಾರವೇ ಬೇಡ ಅನ್ನುತ್ತಿದ್ದ ಕ್ರೊಪೊಟ್ಕಿನ್ ಕೈಯಲ್ಲೇ ಅನಾರ್ಕಿಸಂ ಬಗ್ಗೆ ಬರೆಸಿದ್ದಾರೆ. ರೇಡಿಯೋಆಕ್ಟಿವಿಟಿ ಬರೆದವನು ರುದರ್‌ಫರ್ಡ್. ಅಣುವಿನ ನಡುವೆ ನ್ಯೂಕ್ಲಿಯಸ್ ಇದೆ ಅಂತ ಅವನು ಜಗತ್ತಿಗೆ ಹೇಳಿದ್ದೂ 1911ರಲ್ಲೇ. ಅದೇ ಸೆಟ್ಟಿನ ಮೊದಲನೇ ಸಂಪುಟ ತೆಗೆಯಿರಿ. ಈಥರ್ ಬಗ್ಗೆ ದೊಡ್ಡ ಲೇಖನ ಇದೆ. ಬೆಳಕು ಹರಿಯಲು ಜಗತ್ತೆಲ್ಲ ತುಂಬಿಕೊಂಡಿದೆ ಅಂತ ಆಗ ನಂಬಿದ್ದ ವಸ್ತು. ಬರೆದವನು ಜೋಸೆಫ್ ಲಾರ್ಮರ್, ಕೇಂಬ್ರಿಜ್‌ನಲ್ಲಿ ಹಿಂದೆ ನ್ಯೂಟನ್ ಕೂತಿದ್ದ ಪೀಠದಲ್ಲೇ ಕೂತವನು. ಅದು ಬೇಕಾಗಿಯೇ ಇಲ್ಲ ಅಂತ ಐನ್‌ಸ್ಟೈನ್ 1905ರಲ್ಲೇ ಹೇಳಿಯಾಗಿತ್ತು. ಹೋಗುವ ವಿಜ್ಞಾನ, ಬರುವ ವಿಜ್ಞಾನ ಎರಡೂ ಒಂದೇ ಟ್ರಂಕಿನಲ್ಲಿ.

ಹೆಂಗಸರ ವಿಷಯ ನೋಡಿ. ಮೇರಿ ಕ್ಯೂರಿಗೆ 1903ರಲ್ಲಿ ನೊಬೆಲ್ ಬಂದಿದೆ. ಆದರೂ ಅವರ ಹೆಸರಿನಲ್ಲಿ ಲೇಖನ ಇಲ್ಲ. ಏಳನೇ ಸಂಪುಟದಲ್ಲಿ ಗಂಡ ಪಿಯರ್ ಕ್ಯೂರಿ ಲೇಖನದ ಬಾಲದಲ್ಲಿ ನಾಲ್ಕು ಮಾತು, ಅಷ್ಟೇ. ಇತ್ತ ನಿಮ್ಮಲ್ಲಿ ಇಲ್ಲದ 29ನೇ ಸಂಪುಟ, ಅಂದರೆ ಇಡೀ ಪುಸ್ತಕದ ಬೀಗದ ಕೈ ಆಗಿರುವ ಇಂಡೆಕ್ಸು, ಅದನ್ನು ಮಾಡಿಸಿದ್ದು ಜಾನೆಟ್ ಹೊಗಾರ್ತ್ ಎಂಬ ಹೆಂಗಸು. ಅದಕ್ಕೆ ಮುಂಚೆ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಮಹಿಳಾ ಗುಮಾಸ್ತರ ಮೇಲ್ವಿಚಾರಕಿ ಆಗಿದ್ದವರು. ಇಂಡೆಕ್ಸ್ ಮಾಡಿದವರ ಕಷ್ಟ ನನಗೆ ಗೊತ್ತು. ಒಳ್ಳೆಯದಿದ್ದರೆ ಯಾರೂ ನೆನೆಯುವುದಿಲ್ಲ, ಒಂದು ಪುಟಸಂಖ್ಯೆ ತಪ್ಪಿದರೆ ಎಲ್ಲರೂ ಬೈಯುತ್ತಾರೆ.

ಇನ್ನು 19. 'ಮುನ್‌ನಿಂದ ಆಡ್‌ಫೆಲೋಸ್' ಅಂತ ಅದರ ಬೆನ್ನ ಮೇಲೆ ಇರುತ್ತದೆ. ಅಂದರೆ ಮೈಸೂರು ಇರುವುದು ಅದರಲ್ಲೇ! ನಿಮ್ಮ ಸೆಟ್ಟಿನಲ್ಲಿ ಮೈಸೂರೇ ಕಳೆದುಹೋಗಿದೆ. ಕಪ್ಪು ಜನರ ಬಗ್ಗೆ ಅವರ ಬುದ್ಧಿ ಬಿಳಿಯರಿಗಿಂತ ಕಡಿಮೆ ಅಂತ ವಿಜ್ಞಾನದ ದನಿಯಲ್ಲಿ ಬರೆದ ಲೇಖನವೂ ಅದೇ ಸಂಪುಟದಲ್ಲಿದೆ. ಈ ಆವೃತ್ತಿಯನ್ನು ಹೊಗಳುವವರು ಆ ಪುಟ ಬಿಚ್ಚುವುದಿಲ್ಲ. ಬಿಚ್ಚಲೇಬೇಕು. ಕ್ರೊಪೊಟ್ಕಿನ್ ಬರೆದದ್ದು, ಅದು, ಎರಡೂ ಒಂದೇ ಸಂಪಾದಕರ ಕೈ ದಾಟಿ ಬಂದವು.

ನಮ್ಮ ಕಡೆಯದನ್ನು ಹುಡುಕುವಾಗ ಹೆಸರು ತಿರುಚಿ ಹುಡುಕಿ. ಟಿಪ್ಪು 'ಟಿಪ್ಪೂ ಸಾಹಿಬ್' ಆಗಿ 26ರಲ್ಲಿದ್ದಾನೆ. ಶ್ರೀರಂಗಪಟ್ಟಣ 'ಸೆರಿಂಗಪಟಮ್' ಆಗಿ 24ರಲ್ಲಿದೆ. 1857ರ ಸಿಪಾಯಿ ದಂಗೆ 'ಇಂಡಿಯನ್ ಮ್ಯುಟಿನಿ' ಆಗಿ 14ರಲ್ಲಿದೆ. ಜನಸಂಖ್ಯೆ ಎಲ್ಲ 1901ರ ಗಣತಿಯದು. ಆ ಗಣತಿಯಲ್ಲಿ ಬೆಂಗಳೂರಿನ ಪೇಟೆ, ದಂಡು ಎರಡೂ ಸೇರಿ 1,59,046 ಜನ. ಈಗ ಒಂದು ದೊಡ್ಡ ಬಡಾವಣೆಗೆ ಸಾಲದು. ಪುಸ್ತಕ ಅಚ್ಚಾಗುವಾಗ ಕನ್ನಂಬಾಡಿ ಕಟ್ಟೆ ಎದ್ದಿರಲಿಲ್ಲ, ಮೈಸೂರು ವಿಶ್ವವಿದ್ಯಾನಿಲಯ ಇರಲಿಲ್ಲ, ವಿಶ್ವೇಶ್ವರಯ್ಯನವರು ಇನ್ನೂ ದಿವಾನರಾಗಿರಲಿಲ್ಲ.

ಕರ್ನಾಟಕ ಅಂತ ಹುಡುಕಿದರೆ ಸಿಗುವುದಿಲ್ಲ. ಐದನೇ ಸಂಪುಟದಲ್ಲಿ 'ಕರ್ನಾಟಿಕ್' ನೋಡಿ. ಯುರೋಪಿನವರು ಆ ಹೆಸರನ್ನು ಮದ್ರಾಸ್ ಕಡೆಯ ಸೀಮೆಗೆ ಅಂಟಿಸಿಬಿಟ್ಟಿದ್ದರು. ಆದರೆ ಅದು ನಿಜವಾಗಿ ಸಲ್ಲಬೇಕಾದ್ದು ಎರಡು ಘಟ್ಟಗಳ ನಡುವಿನ ಕನ್ನಡಿಗರ ಸೀಮೆಗೆ, ಮೇಲೆ ಬೀದರ್‌ವರೆಗೆ, ಮೈಸೂರೂ ಸೇರಿ, ಅಂತ ಆ ಲೇಖನ ತಾನೇ ಒಪ್ಪಿಕೊಳ್ಳುತ್ತದೆ. ಆಗ ನಾವು ಮೈಸೂರು, ಮುಂಬೈ, ಮದ್ರಾಸು, ನಿಜಾಮರು, ಕೊಡಗು ಅಂತ ಐದು ಕಡೆ ಹಂಚಿಹೋಗಿದ್ದೆವು. ಒಟ್ಟಾಗಲು ಇನ್ನೂ 45 ವರ್ಷ ಬೇಕಿತ್ತು. ನಿಮ್ಮ ಅಜ್ಜ ಆ ಪುಟದಲ್ಲಿ ಏನಾದರೂ ಬರೆದಿದ್ದಾರಾ ನೋಡಿ ಹೇಳಿ, ನನಗೆ ಕುತೂಹಲ.

ಕೊನೆಗೆ ದುಡ್ಡು. ಆ ಆಸೆ ಬಿಡಿ. ಬಹಳ ಪ್ರತಿ ಅಚ್ಚಾದ ಪುಸ್ತಕ, ಸಾಲದ್ದಕ್ಕೆ ನಿಮ್ಮದರಲ್ಲಿ ಎರಡು ಇಲ್ಲ. ನಿಮ್ಮದು 'ಇಂಡಿಯಾ ಪೇಪರ್' ಮೇಲೆ ಅಚ್ಚಾದದ್ದು. ಹೆಸರು ಕೇಳಿ ಹಿಗ್ಗಬೇಡಿ, ಆ ಕಾಗದ ನಮ್ಮ ದೇಶದ್ದಲ್ಲ. ಬಿಸಿಲಿಗೆ ಇಡಬೇಡಿ. ಫ್ಯಾನಿನ ಕೆಳಗೆ ನಿಲ್ಲಿಸಿ, ಪುಟ ಸ್ವಲ್ಪ ಬಿಡಿಸಿ ಗಾಳಿಗೆ ಬಿಡಿ. ಚರ್ಮಕ್ಕೆ ಎಣ್ಣೆ ಗಿಣ್ಣೆ ಸವರಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಿದರೆ ನಾನು ಮಾತಾಡುವುದಿಲ್ಲ. ಒಣ ಬೇವಿನ ಎಲೆ, ಬಜೆ ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿಡಿ.

ಗುಂಡಣ್ಣ ಜಯನಗರ:

ಸರ್, ಇಷ್ಟು ಉದ್ದ ಓದಿಸಿದ್ದಕ್ಕೆ ನಿಮಗೊಂದು ಕಾಫಿ ಬಾಕಿ. ರದ್ದಿ ಅಂದದ್ದು ವಾಪಸ್ ತಗೊಂಡೆ. ಜಿರಳೆ ಅಂದದ್ದು ಮಾತ್ರ ಹಾಗೇ ಇರಲಿ.

ಸಾಗರದ ಮಾಣಿ:

ಚರ್ಚೆ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ವಿಶ್ವಕೋಶ ಅಂದ ಕೂಡಲೇ ನಾವು ಲಂಡನ್, ಪ್ಯಾರಿಸ್ ಕಡೆ ನೋಡುತ್ತೇವೆ. ನಮ್ಮ ಊರಿನ ಪಕ್ಕದ ಕೆಳದಿಯ ವಂಶದ ಒಬ್ಬ ದೊರೆಯೇ ಬರೆದಿದ್ದಾನೆ. ರಾಣಿ ಚೆನ್ನಮ್ಮನ ದತ್ತುಮಗ ಬಸವಪ್ಪ ನಾಯಕ. ಪುಸ್ತಕ 'ಶಿವತತ್ತ್ವ ರತ್ನಾಕರ', ಹದಿನೆಂಟನೇ ಶತಮಾನ ಹುಟ್ಟಿದ ಹೊಸದು. ಭಾಷೆ ಸಂಸ್ಕೃತ. ಹೆಸರು ರತ್ನಾಕರ, ಅಂದರೆ ಸಮುದ್ರ. ಅದಕ್ಕೇ ಒಳಗಿನ ಭಾಗಗಳಿಗೆ 'ಕಲ್ಲೋಲ', 'ತರಂಗ' ಅಂತ ಹೆಸರು. 9 ಕಲ್ಲೋಲ, 108 ತರಂಗ. ಆನೆ, ಕುದುರೆ, ರತ್ನ, ಅಡಿಗೆ, ಸಂಗೀತ, ವೈದ್ಯ, ಜೊತೆಗೆ ಕೆಳದಿ ವಂಶದ ಚರಿತ್ರೆ.

ಅದಕ್ಕೂ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ', 1130ರ ಆಸುಪಾಸು. ಅದರಲ್ಲಿ ಇಡ್ಲಿಯ ಅಜ್ಜ ಇದ್ದಾನೆ, 'ಇಡ್ಡರಿಕಾ' ಅಂತ. ಉದ್ದಿನದ್ದು, ಅಕ್ಕಿ ಇಲ್ಲ. ಕನ್ನಡದಲ್ಲೇ ಬೇಕು ಅಂದರೆ ಇನ್ನೂ ನೂರು ವರ್ಷ ಹಿಂದೆ ಹೋಗಿ, ಚಾವುಂಡರಾಯನ 'ಲೋಕೋಪಕಾರ' ಇದೆ. ಶ್ರವಣಬೆಳಗೊಳದ ಚಾವುಂಡರಾಯ ಅಲ್ಲ, ಇವನು ಬೇರೆ. ನೆಲದಡಿ ನೀರು ಎಲ್ಲಿದೆ ಅಂತ ಗುರುತಿಸುವುದರಿಂದ ಹಿಡಿದು ಗಿಡಕ್ಕೆ ಬಂದ ರೋಗ, ದನದ ಮದ್ದು, ಅಡಿಗೆ, ಸುಗಂಧ, ಎಲ್ಲ ಇದೆ. ಹೆಸರೇ ಹೇಳುತ್ತದೆ, ಜನಕ್ಕೆ ಉಪಯೋಗ ಆಗಲಿ ಅಂತ.

ನನಗೆ ಮಜಾ ಅನ್ನಿಸುವುದು ಇವುಗಳನ್ನು ಜೋಡಿಸಿದ ರೀತಿ. ಸೋಮೇಶ್ವರ ಅಕಾರಾದಿಯಲ್ಲಿ ಜೋಡಿಸಲಿಲ್ಲ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ. ಮೊದಲು ರಾಜ್ಯ ಪಡೆಯುವುದು, ಆಮೇಲೆ ಉಳಿಸಿಕೊಳ್ಳುವುದು, ಆಮೇಲೆ ಅನುಭವಿಸುವುದು, ಆಮೇಲೆ ವಿನೋದ, ಕೊನೆಗೆ ಆಟ. ಜಗತ್ತೆಲ್ಲ ದೊರೆಯ ಆಸನದಿಂದ ಹೇಗೆ ಕಾಣುತ್ತದೋ ಹಾಗೆ. ಇಡ್ಡರಿಕಾ ಬರುವುದೂ ಅನುಭವಿಸುವ ಭಾಗದಲ್ಲೇ, ಏಕೆಂದರೆ ತಿನ್ನುವವನು ದೊರೆ. ರುಬ್ಬಿದವರ ಹೆಸರಿಲ್ಲ. ಬ್ರಿಟಾನಿಕಾದಲ್ಲಿ ಮೆಡಲ್ಲೂ ಮಂಪ್ಸೂ ಒಂದೇ ಸಾಲಿನಲ್ಲಿ ಕೂರುತ್ತವೆ, ಯಾರು ದೊಡ್ಡವರು ಅಂತ ಇಲ್ಲ. ಹಾಗೆ ಕಾಣುತ್ತದೆ ಅಷ್ಟೇ. ಯಾರಿಗೆ ಎಷ್ಟು ಪುಟ ಅಂತ ಎಣಿಸಿದರೆ ಅಲ್ಲೂ ದೊರೆ ಗೊತ್ತಾಗುತ್ತಾನೆ.

ಹಳೇ ಲೈಬ್ರರಿಯನ್:

ಮಾಣಿ, ಕೊನೆಯ ಮಾತು ಚೆನ್ನಾಗಿ ಹೇಳಿದಿರಿ. ಮೆಟ್ಟಿಲು ಮೆಟ್ಟಿಲಾಗಿ ಬರುವ ಕಷ್ಟ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೂ ತಪ್ಪಲಿಲ್ಲ. ಮೊದಲ ಸಂಪುಟ 1969, ಹದಿನಾಲ್ಕೂ ಮುಗಿಯಲು ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 'ಅ' ಅಚ್ಚಾಗುವಾಗ ನಮ್ಮದು ಮೈಸೂರು ರಾಜ್ಯ. ಮುಂದಿನ ಅಕ್ಷರಗಳಿಗೆ ಬರುವಷ್ಟರಲ್ಲಿ ಕರ್ನಾಟಕ. ಹುಡುಗರು ಬಂದು ಯಾವುದು ಸರಿ ಸರ್ ಅಂತ ಕೇಳುತ್ತಿದ್ದರು. ಎರಡೂ ಸರಿ, ಇಸವಿ ನೋಡು ಅನ್ನುತ್ತಿದ್ದೆ.

ಲೀಡ್ಸ್ ಕನ್ನಡತಿ:

ಇಲ್ಲಿಂದ ಒಂದು ಮಾತು. ಈ ಊರಿನಲ್ಲಿ ಧರ್ಮಾರ್ಥ ಅಂಗಡಿಗಳಿಗೆ ಹಳೇ ಬಟ್ಟೆ, ಬೊಂಬೆ, ಪಿಂಗಾಣಿ ಏನು ಕೊಟ್ಟರೂ ತಗೋತಾರೆ. ವಿಶ್ವಕೋಶ ಮಾತ್ರ ಬೇಡ ಅಂತ ಬಾಗಿಲಲ್ಲೇ ಚೀಟಿ ಅಂಟಿಸಿರುತ್ತಾರೆ, ಎಲ್ಲ ಕಡೆ ಅಲ್ಲ, ಬಹಳ ಕಡೆ. ಬೆಲೆ ಇಲ್ಲದ್ದು ಬರೀ ನಮ್ಮಲ್ಲಿ ಅಂತ ಬೇಸರ ಮಾಡಿಕೊಳ್ಳಬೇಡಿ. 19 ಬಿಡಿಯಾಗಿ ಕೊಳ್ಳುವುದಾದರೆ ಒಂದು ಎಚ್ಚರ. 1915–16ರಲ್ಲಿ ಇದೇ ಆವೃತ್ತಿಯನ್ನು ಕುಗ್ಗಿಸಿ ಸಣ್ಣ ಗಾತ್ರದಲ್ಲಿ ಅಗ್ಗಕ್ಕೆ ಮಾರಿದ್ದರು. ಒಳಗೆ ಅದೇ ಪುಟ, ಅಕ್ಷರ ಸಾಸಿವೆಯಷ್ಟು. ಮಾರುವವರು ಹೇಳುವುದಿಲ್ಲ. ಅಳತೆ ಕೇಳಿಯೇ ಕೊಳ್ಳಿ, ಇಲ್ಲದಿದ್ದರೆ 18 ಮತ್ತು 20ರ ಮಧ್ಯೆ ಕುಳ್ಳ ನಿಂತ ಹಾಗೆ ಕಾಣುತ್ತದೆ. ನಾನು ಹಾಗೇ ಮೋಸ ಹೋಗಿದ್ದೇನೆ.

ಮಗಳಿಗೆ ಇನ್ನೊಂದು ಹೇಳಿ. ಮೊದಲ ಮಹಾಯುದ್ಧ ಆದಮೇಲೆ ಗ್ರೂಪ್ ಫೋಟೋ ಕೆಟ್ಟುಹೋಯಿತಲ್ಲ, ಆಗ ಪೂರ್ತಿ ಹೊಸದು ಮಾಡಲು ಆಗದೆ 1922ರಲ್ಲಿ ಮೂರು ಸಂಪುಟ ಸೇರಿಸಿ ಅದನ್ನೇ ಹನ್ನೆರಡನೇ ಆವೃತ್ತಿ ಅಂದರು. 1926ರಲ್ಲಿ ಮತ್ತೆ ಮೂರು ಬರೆಸಿ ಹದಿಮೂರನೇದು. ಆ ಮೂರರಲ್ಲಿ ಬರೆದವರು ಯಾರು ಗೊತ್ತಾ? ಮನೋವಿಶ್ಲೇಷಣೆಗೆ ಫ್ರಾಯ್ಡ್, ದೇಶ-ಕಾಲಕ್ಕೆ (ಸ್ಪೇಸ್-ಟೈಮ್) ಐನ್‌ಸ್ಟೈನ್, ಲೆನಿನ್ ಬಗ್ಗೆ ಟ್ರಾಟ್ಸ್ಕಿ, ಜಾದೂ ಬಗ್ಗೆ ಹೂಡಿನಿ. ರೇಡಿಯಂ ಬಗ್ಗೆ ಮೇರಿ ಕ್ಯೂರಿ. ಗಂಡನ ಬಾಲದಲ್ಲಿದ್ದವರು ಹದಿನೈದು ವರ್ಷದಲ್ಲಿ ತಾವೇ ಬರೆದರು.

ಮೂಡಿಗೆರೆ ಮೊಮ್ಮಗಳು:

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ನಿನ್ನೆ ಮತ್ತೆ ಊರಿಗೆ ಹೋಗಿದ್ದೆ.

ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳ ಪ್ರಾಜೆಕ್ಟಿನ ಹೆಸರೇ ಈಗ 'ವಿಟಮಿನ್ ಇಲ್ಲದ ಪುಸ್ತಕ' ಅಂತ. ಮಿಸ್ಸಿಗೆ ಇಷ್ಟ ಆಗುತ್ತದೋ ಇಲ್ಲವೋ ನೋಡಬೇಕು. ಸೆಟ್ಟು ಇಟ್ಟುಕೊಳ್ಳುವುದು ಅಂತ ತೀರ್ಮಾನ ಆಯಿತು. ದೇವರ ಮನೆ ಪಕ್ಕದ ಶೋಕೇಸಿನಲ್ಲಿ ಕಪ್ಪು ಸಾಸರು ತೆಗೆದು ಜಾಗ ಮಾಡಿದೆ. ಅತ್ತೆಗೆ ಸಿಟ್ಟು ಬಂದಿದೆ. ಇಳಿಯುತ್ತದೆ.

ಸರ್, ನೀವು ಹೇಳಿದ 'ಕರ್ನಾಟಿಕ್' ಪುಟ ನೋಡಿದೆ. ಬೀದರ್‌ವರೆಗೆ ಅಂತ ಇದೆ, ಓದಿ ಖುಷಿಯಾಯಿತು. ಆದರೆ ಅಜ್ಜ ಅಲ್ಲಿ ಏನೂ ಬರೆದಿಲ್ಲ. ಆ ಪುಟ ಹೊಸದರ ಹಾಗಿದೆ, ಒಂದು ಬೆರಳಿನ ಗುರುತೂ ಇಲ್ಲ. ಸ್ವಲ್ಪ ನಿರಾಸೆಯಾಯಿತು. ಸುಮ್ನೆ ಮುಂದೆ ತಿರುವುತ್ತಾ ಹೋದೆ. ಅಲ್ಲೇ ಮುಂದೆ 'ಕಾರ್ಪೆಂಟ್ರಿ' ಬಂತು. ಮರ ಕೂಡಿಸುವ ಬಗೆಗಳ ಚಿತ್ರ ಇವೆ. ಆ ಪುಟಗಳೆಲ್ಲ ಕೊಳೆ ಕೊಳೆ. ಒಂದು ಚಿತ್ರದ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಚೌಕ ಎಳೆದು 'ಅಟ್ಟದ ಬಾಗಿಲು, 1-8, 3-0, ಹಲಸು' ಅಂತ ಬರೆದಿದ್ದಾರೆ.

ಟೇಪು ಹಿಡಿದುಕೊಂಡೇ ಊರಿಗೆ ಹೋದೆ. ಬಾಗಿಲು 1 ಅಡಿ 8 ಇಂಚು ಅಗಲ, 3 ಅಡಿ ಎತ್ತರ, ಕೂದಲೆಳೆ ವ್ಯತ್ಯಾಸ ಇಲ್ಲ. ಮೂಲೆಯಲ್ಲಿ ಮರ ಕೂಡಿಸಿರುವುದೂ ಚಿತ್ರದಲ್ಲಿದ್ದ ಹಾಗೇ. ಟ್ರಂಕಿನ ಅತಿ ಸಣ್ಣ ಮಗ್ಗುಲೇ 1 ಅಡಿ 11 ಇಂಚು. ಮಾವನನ್ನು ಕೇಳಿದೆ. ಮೊದಲು ಅಟ್ಟಕ್ಕೆ ಬಾಗಿಲೇ ಇರಲಿಲ್ಲವಂತೆ, ಬರೀ ತೆರೆದ ಜಾಗ. ಹೆಗ್ಗಣದ ಕಾಟ ತಡೆಯಲಾರದೆ ಆಮೇಲೆ ಮಾಡಿಸಿದ್ದಂತೆ. ಟ್ರಂಕು ಒಳಗಿದೆ ಅನ್ನುವುದು ಆಗ ಯಾರಿಗೂ ಹೊಳೆದಿಲ್ಲ.

ಬಾಗಿಲು ಕಳಚಿ ಕಾರಿನ ಮೇಲೆ ಕಟ್ಟಿಕೊಂಡು ಬಂದೆ. ಟ್ರಂಕು ಇನ್ನೂ ಅಟ್ಟದಲ್ಲೇ ಇದೆ, ಹೆಂಚು ಇಳಿಸಿದ ದಿನ ಮೇಲಿನಿಂದ ಎತ್ತುತ್ತಾರಂತೆ. ಯಾರ ಹತ್ತಿರವಾದರೂ 19 ಬಿಡಿ ಇದ್ದರೆ ಹೇಳಿ. ದೊಡ್ಡ ಗಾತ್ರದ್ದು.